ಬೆರಳು ಬೇಡುವ ಮಾಮಾ

ನಮ್ಮ ಮಾಮಾ ಎದುರಿಗೆ ಬಂದರೆ ಕೈ ಮುಗಿಯಿರಿ, ಅಡ್ಡ ಬೀಳಿರಿ, ಬೇಕಾದರೆ ಓಡಿ ಹೋಗಿರಿ. ಕೈ ಮಾತ್ರ ಕುಲುಕಬೇಡಿ! ಕುಲುಕಿದಿರೋ, ಹಿಡಿದ ಕೈಯನ್ನು ಅವರು ಬಿಡುವುದಿಲ್ಲ. "ಹೆಂಗೂ ಕೈ ಕೊಟ್ಟೀರಿ, ಒಂದು ಹನಿ ರಕ್ತಾನೂ ಕೊಡ್ರಿ" ಎನ್ನುವಷ್ಟರಲ್ಲಿ ಸೂಜಿ ಹೊರಗೆ ಬಂದಿರುತ್ತದೆ.

ಇವರು ನನ್ನ ತಾಯಿಯ ತಮ್ಮ. ಆರೋಗ್ಯ ಇಲಾಖೆಯಲ್ಲಿ ಇನ್ಸ್‌ಪೆಕ್ಟರು, ವಾಸ ಮೋಟೆಬೆನ್ನೂರು. ನಮ್ಮ ಕಡೆ ಮಲೇರಿಯಾ ಹೆಚ್ಚುಕಡಿಮೆ ಕಾಲ್ಕಿತ್ತಿದೆ, ಇನ್ನು ಬಂದರೆ ವಿಮಾನ ಹತ್ತಿಯೇ ಬರಬೇಕು ಎಂಬುದು ಅವರ ಸಿದ್ಧಾಂತ. ವಿಮಾನ ಹತ್ತುವುದರಲ್ಲಿ ನಮ್ಮವರೇನು ಕಡಿಮೆಯೇ? ಬ್ಯಾಡಗಿಯವರು ಮೆಣಸಿನಕಾಯಿ ವ್ಯಾಪಾರಕ್ಕೆ ಹೊರದೇಶಕ್ಕೆ ಹೋಗುತ್ತಾರೆ, ರಾಣೆಬೆನ್ನೂರಿನವರು ಬೀಜದ ಕಂಪನಿಗಳ ಕೆಲಸಕ್ಕೆ ಆಫ್ರಿಕಾಕ್ಕೆ ಹೋಗುತ್ತಾರೆ. ಅಲ್ಲಿ ಸೊಳ್ಳೆ ಕಚ್ಚಿಸಿಕೊಂಡು ಬಂದವನನ್ನು ಇಲ್ಲಿಯ ಸೊಳ್ಳೆ ಕಚ್ಚಿ, ಅದೇ ಹೋಗಿ ಪಕ್ಕದ ಮನೆಯವರನ್ನು ಕಚ್ಚಿತೆಂದರೆ ಮುಗಿಯಿತು, ಓಡಿಸಿದ ರೋಗ ಮತ್ತೆ ಊರು ಸೇರಿತು! ಆದ್ದರಿಂದ ಹೊರದೇಶದಿಂದ ಯಾರೇ ಬರಲಿ, ಮೊದಲು ಮಾಮಾಗೆ ಗೊತ್ತಾಗಬೇಕು. ಹೆಂಡತಿ ಮಕ್ಕಳಿಗೆ ಆಮೇಲೆ ಗೊತ್ತಾದರೂ ನಡೆಯುತ್ತದೆ.

ಅವರಿಗೆ ಹೇಗೆ ಗೊತ್ತಾಗುತ್ತದೆ ಅಂತೀರಾ? ಯಾವುದೋ ಪಟ್ಟಿ ಬರಲೆಂದು ಕಾಯುತ್ತ ಕೂರುವ ಜಾಯಮಾನ ಅವರದಲ್ಲ. ನಮ್ಮಲ್ಲಿ ಯಾರಾದರೂ ಹೊರದೇಶಕ್ಕೆ ಹೋಗಿ ಬಂದರೆ ಗೆಳೆಯರೆಲ್ಲ ಸೇರಿ ಸರ್ಕಲ್ಲಿನಲ್ಲಿ ಫ್ಲೆಕ್ಸ್ ಕಟ್ಟುತ್ತಾರಲ್ಲ, 'ವಿದೇಶ ಪ್ರವಾಸ ಮುಗಿಸಿ ಬಂದ ನಮ್ಮ ಹೆಮ್ಮೆಯ ಅಣ್ಣನಿಗೆ ಹಾರ್ದಿಕ ಸ್ವಾಗತ' ಎಂದು? ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ, ಮೂರೂ ಊರುಗಳ ಫ್ಲೆಕ್ಸುಗಳನ್ನು ಮಾಮಾ ಸ್ಕೂಟರ್ ನಿಲ್ಲಿಸಿ ಓದುತ್ತಾರೆ. ಕೆಳಗೆ ಸಣ್ಣ ಸಣ್ಣ ಫೋಟೋಗಳಲ್ಲಿ ನಗುತ್ತ ನಿಂತ ಶುಭ ಕೋರುವವರನ್ನೂ ಬಿಡುವುದಿಲ್ಲ. ಅವರಲ್ಲೊಬ್ಬನನ್ನು ಹಿಡಿದರೆ ಅಣ್ಣನ ಮನೆಯ ದಾರಿ ಸಿಗುತ್ತದೆ. ಅಗಡಿಯ ಶಾಲೆಯಲ್ಲಿ ಒಮ್ಮೆ ಮಕ್ಕಳು ಹೊಸ ನಮೂನೆಯ ಚಾಕಲೇಟು ತಿನ್ನುತ್ತಿದ್ದುದನ್ನು ಕಂಡು, ಅದರ ಕಾಗದ ಹಿಡಿದುಕೊಂಡೇ ಮನೆಮನೆ ತಿರುಗಿ, ಹಿಂದಿನ ದಿನವಷ್ಟೇ ನೈಜೀರಿಯಾದಿಂದ ಬಂದಿದ್ದವನನ್ನು ಹಾಸಿಗೆಯಿಂದ ಎಬ್ಬಿಸಿದ ಕೀರ್ತಿ ಇವರದು!

ರಾಣೆಬೆನ್ನೂರಿನ ಒಬ್ಬ ಅಣ್ಣನ ಕಥೆ ಕೇಳಿ. ಫ್ಲೆಕ್ಸಿನಲ್ಲಿ ಅವನ ಹಿಂದೆ ವಿಮಾನ, ಮುಂದೆ ಸಿಂಹ. ಸಿಂಹ ಕಂಡದ್ದೇ ತಡ, ಇದು ಆಫ್ರಿಕಾವೇ ಎಂದು ಮಾಮಾ ಸತ್ಕಾರ ಸಮಾರಂಭಕ್ಕೇ ನುಗ್ಗಿದರು. ಯಾವ ದೇಶ, ಎಷ್ಟು ದಿವಸ, ಸೊಳ್ಳೆಪರದೆ ಇತ್ತೇ ಎಂದು ಒಂದೇ ಸಮನೆ ಕೇಳಿದರು. ಕೊರಳ ತುಂಬ ಹಾರ ಹಾಕಿಕೊಂಡಿದ್ದ ಆಸಾಮಿ ಬೆವೆತು, ಮಾಮಾನನ್ನು ಮೂಲೆಗೆ ಕರೆದೊಯ್ದು, ತಾನು ಹೋಗಿದ್ದು ಗೋವಾಕ್ಕೆ, ದಯವಿಟ್ಟು ಯಾರಿಗೂ ಹೇಳಬೇಡಿರೆಂದು ಅಂಗಲಾಚಿದ. ಮಾಮಾ ತಣ್ಣಗೆ ಅಂದರಂತೆ:

"ಗೋವಾದಾಗೂ ಸೊಳ್ಳಿ ಅದಾವಲ್ಲರಿ. ಬೆರಳು ಕೊಡ್ರಿ."

ಇಂಥ ಮಾಮಾನ ಸ್ವಂತ ಸೋದರ ಸೊಸೆಯ, ಅಂದರೆ ನನ್ನ, ಗಂಡನೇ ಆಫ್ರಿಕಾಕ್ಕೆ ಹೋದರೆ? ನಮ್ಮ ಮನೆಯವರಿಗೆ ರಾಣೆಬೆನ್ನೂರಿನ ಬೀಜದ ಕಂಪನಿಯೊಂದರಲ್ಲಿ ಕೆಲಸ. ಟೊಮ್ಯಾಟೊ ಹೂವಿಗೆ ಕೈಯಿಂದಲೇ ಪರಾಗ ಮುಟ್ಟಿಸಿ ಬೀಜ ಮಾಡುವುದನ್ನು ಕಲಿಸಲು ಅವರನ್ನು ಮೂರು ತಿಂಗಳು ಟಾಂಜಾನಿಯಾಕ್ಕೆ ಕಳಿಸಿದ್ದರು. ಅವರು ಮರಳಿ ಬಂದ ದಿನ ನಾನು ಆರತಿ ತಟ್ಟೆ ಹಿಡಿದು ಬಾಗಿಲಿಗೆ ಬಂದರೆ, ಮಾಮಾ ಆಗಲೇ ಹೊಸ್ತಿಲಲ್ಲಿ ಅವರ ಬೆರಳು ಹಿಡಿದು ನಿಂತಿದ್ದಾರೆ! ಪರೀಕ್ಷೆಯಲ್ಲಿ ಏನೂ ಕಾಣಲಿಲ್ಲ. ನಾವೆಲ್ಲ ನಕ್ಕೆವು. ಮಾಮಾ ನಗಲಿಲ್ಲ. "ಇವತ್ತು ಕಾಣಲಿಲ್ಲ ಅಂದ್ರ ಇಲ್ಲಂತಲ್ಲ ಯವ್ವಾ. ಒಳಗ ಅಡಗಿ ಕುಂತಿರತಾವ. ಜ್ವರ ಬಂದ್ರ ಆ ತಾಸಿನಾಗ ನನಗ ಹೇಳಬೇಕು" ಅಂದರು.

ಅಂದಿನಿಂದ ದಿನಾ ಬೆಳಗ್ಗೆ ಫೋನು. ಉಳಿದವರು ಚಹಾ ಆಯಿತೇ ಎಂದು ಕೇಳುವ ಧಾಟಿಯಲ್ಲಿ ಇವರು ಜ್ವರ ಬಂತೇ ಎಂದು ಕೇಳುತ್ತಿದ್ದರು. ಬಂದಿಲ್ಲ ಅಂದರೆ, ಏನು ಅಡುಗೆ ಎಂದು ಕೇಳಿ ಇಡುತ್ತಿದ್ದರು. ಮನೆಯವರ ತಾಯಿಗೆ, ಅಂದರೆ ನಮ್ಮ ಅತ್ತೆಗೆ, ಮೈಯೆಲ್ಲ ಉರಿಯುತ್ತಿತ್ತು.

ಹದಿನೆಂಟನೆಯ ದಿನ ಜ್ವರ ಬಂದೇ ಬಂತು. ನಡುಕವೆಂದರೆ ಎಂಥ ನಡುಕ! ಮೂರು ಕಂಬಳಿ ಹೊದಿಸಿದರೂ ಮಂಚ ಅಲುಗುತ್ತಿತ್ತು. ಅತ್ತೆ ನೇರ ಅಡುಗೆಮನೆಗೆ ಹೋಗಿ ಡಬ್ಬಿಯಿಂದ ಒಂದು ಹಿಡಿ ಮೆಣಸಿನಕಾಯಿ ತಂದು ಮಗನಿಗೆ ನಿವಾಳಿಸಿ ಕೆಂಡಕ್ಕೆ ಹಾಕಿದರು. ಘಾಟು ಬಂದರೆ ದೃಷ್ಟಿಯಿಲ್ಲ, ಬರದಿದ್ದರೆ ದೃಷ್ಟಿ ತಾಗಿದೆ ಎಂದು ಲೆಕ್ಕವಲ್ಲವೇ? ಘಾಟು ಬರಲೇ ಇಲ್ಲ! ಎಲ್ಲಿಂದ ಬರಬೇಕು ಹೇಳಿ? ಡಬ್ಬಿಯಲ್ಲಿದ್ದುದು ಬ್ಯಾಡಗಿ ಮೆಣಸಿನಕಾಯಿ. ಅದಕ್ಕೆ ಬಣ್ಣವಿದ್ದಷ್ಟು ಖಾರ ಎಲ್ಲಿದೆ? ಆದರೆ ಆ ಹೊತ್ತಿನಲ್ಲಿ ಅದು ನನಗೂ ಹೊಳೆಯಲಿಲ್ಲ. ಅತ್ತೆ ತೀರ್ಪು ಕೊಟ್ಟೇಬಿಟ್ಟರು:

"ದಿನಾ ಜ್ವರ ಬಂತೇನು, ಜ್ವರ ಬಂತೇನು ಅಂತ ಕರದ್ರ ಅದು ಬರದ ಏನ ಮಾಡೀತು? ನಿಮ್ಮ ಮಾಮಾಂದ ದೃಷ್ಟಿ ಇದು. ಅವಗ ಹೇಳಿದಿ ಅಂದ್ರ ನೋಡು."

ನಾನೂ ಹೆದರಿ ತಲೆಯಾಡಿಸಿದೆ. ಮರುದಿನ ಫೋನು ಬಂದಾಗ ಜ್ವರಗಿರ ಏನಿಲ್ಲ, ಆರಾಮ ಇದ್ದಾರೆ ಎಂದು ಸುಳ್ಳು ಹೇಳಿದೆ. ಮಾಮಾ ಎಂದಿನಂತೆ ಏನು ಅಡುಗೆ ಎಂದರು. ನನ್ನ ಬಾಯಿಂದ ಗಂಜಿ ಎಂದು ಬಂದುಬಿಟ್ಟಿತು.

ಫೋನು ಕಟ್ಟಾಯಿತು. ಅರ್ಧ ತಾಸಿನಲ್ಲಿ ಬಾಗಿಲಲ್ಲಿ ಸ್ಕೂಟರ್!

"ದಿನಾ ರೊಟ್ಟಿ ತಿನ್ನೋ ಮನಿಯಾಗ ಗಂಜಿ ಯಾಕ ಕುದಿತೈತಿ?" ಎನ್ನುತ್ತಲೇ ಒಳಗೆ ನುಗ್ಗಿದರು. ಅತ್ತೆ ಅಡ್ಡ ನಿಂತರು. ಮಾಮಾ ಪಕ್ಕಕ್ಕೆ ಸರಿದು ಹೋಗಿ ಮಂಚದ ಮೇಲೆ ಕುಳಿತು ಬೆರಳು ಹಿಡಿದರು. ಪರೀಕ್ಷೆಯ ಪಟ್ಟಿಯ ಮೇಲೆ ಈ ಸಲ ಎರಡು ಗೆರೆ ಮೂಡಿದವು, ಮಲೇರಿಯಾ!

ಇಷ್ಟು ವರ್ಷ ಸರ್ಕಲ್ಲು ಸರ್ಕಲ್ಲು ತಿರುಗಿ ಹುಡುಕಿದ್ದು ಕೊನೆಗೂ ಸಿಕ್ಕಿತ್ತು. ಮಾಮಾ ಹಿಗ್ಗುತ್ತಾರೆ ಅಂದುಕೊಂಡಿದ್ದೆ. ಅವರು ಇನ್ನೊಂದು ಪಟ್ಟಿ ತೆಗೆದು, ಮತ್ತೊಂದು ಬೆರಳು ಚುಚ್ಚಿ ನೋಡಿದರು. ಸಾವಿರಾರು ಬೆರಳು ಚುಚ್ಚಿದ ಮನುಷ್ಯ ತನ್ನ ಪರೀಕ್ಷೆಯನ್ನೇ ನಂಬಲಿಲ್ಲ!

ಆಸ್ಪತ್ರೆಯಲ್ಲಿ, ಇನ್ನೊಂದು ದಿನ ತಡವಾಗಿದ್ದರೆ ತಲೆಗೇರುತ್ತಿತ್ತು ಎಂದು ಡಾಕ್ಟರು ಹೇಳಿದರು. ಇವತ್ತಿಗೂ ಎದೆ ಝಲ್ಲೆನ್ನುತ್ತದೆ. ಗಂಜಿ ಅನ್ನದೆ ನಾನು ರೊಟ್ಟಿ ಅಂದಿದ್ದರೆ? ಮಾಮಾ ನಮ್ಮ ಓಣಿಯ ಅಷ್ಟೂ ಮನೆಗಳವರ ರಕ್ತ ತೆಗೆದು, ನೀರಿನ ತೊಟ್ಟಿಗಳನ್ನೆಲ್ಲ ಬರಿದು ಮಾಡಿಸಿ, ಸಂಜೆ ಬಂದು ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತರು. ಓಣಿಯಲ್ಲಿ ಮತ್ತೊಬ್ಬರಿಗೆ ಹರಡಿರಲಿಲ್ಲ. ಸುಳ್ಳು ಹೇಳಿದ್ದು ತಪ್ಪಾಯಿತು ಎಂದು ನಾನು ಕಣ್ಣೀರು ಹಾಕಿದೆ. ಮಾಮಾ ಬಯ್ಯಲಿಲ್ಲ.

"ನಾ ಸಿಗಲಿ ಅಂತ ಹುಡುಕತಿದ್ದಿಲ್ಲ ಯವ್ವಾ, ಸಿಗಬಾರದು ಅಂತ ಹುಡುಕತಿದ್ದೆ. ಸಿಕ್ಕಿದ್ದು ನಮ್ಮ ಮನಿಯಾಗ ಸಿಕ್ತು ನೋಡು" ಅಂದರು.

ಮನೆಯವರು ಗುಣವಾಗಿ ಮನೆಗೆ ಬಂದ ದಿನ ಅತ್ತೆ ಅಂಗಳದಲ್ಲಿ ಎರಡು ಮಣೆ ಹಾಕಿದರು. ಒಂದರ ಮೇಲೆ ಮಗನನ್ನು ಕೂರಿಸಿದರು. ಇನ್ನೊಂದು ಯಾರಿಗೆ ಎಂದು ನಾವು ನೋಡುತ್ತಿರುವಾಗಲೇ ಮಾಮಾನ ಕಡೆ ತಿರುಗಿ, "ಬೀಗರ, ನೀವೂ ಕುಂದ್ರಿ. ಎಷ್ಟ ಮಂದಿ ಬೈಗಳಾ ತಿಂದೀರಿ, ನನ್ನದೂ ತಿಂದೀರಿ. ದೃಷ್ಟಿ ನಿಮಗ ತಗದಿಲ್ಲ ಇನ್ನೂ" ಅಂದರು. ಮಾಮಾ ಬಂದು ಕುಳಿತರು. ಅತ್ತೆ ಇಬ್ಬರಿಗೂ ನಿವಾಳಿಸಿ ಮೆಣಸಿನಕಾಯಿಗಳನ್ನು ಕೆಂಡಕ್ಕೆ ಹಾಕಿದರು.

ಮಾಮಾ ಕರವಸ್ತ್ರ ತೆಗೆದು ಕಣ್ಣು ಒರೆಸಿಕೊಳ್ಳತೊಡಗಿದರು. ಒರೆಸಿದಷ್ಟೂ ನೀರು.

"ಘಾಟು ಭಾಳ ಐತ್ರಿ ಬೀಗತಿ" ಅಂದರು.

ನಮ್ಮಲ್ಲಿ ಯಾರೂ ಕೆಮ್ಮಲಿಲ್ಲ. ಮೆಣಸಿನಕಾಯಿ ಅದೇ ಡಬ್ಬಿಯದು, ಬ್ಯಾಡಗಿಯದು.