ವಿಮಾನದ ತಾಲೀಮು

ಹೆದರುವ ಮನುಷ್ಯನಿಗೂ ಮುಂಜಾಗ್ರತೆಯ ಮನುಷ್ಯನಿಗೂ ಇರುವ ವ್ಯತ್ಯಾಸ ಹೊರಗಿನವರಿಗೆ ಸುಲಭವಾಗಿ ತಿಳಿಯುವುದಿಲ್ಲ. ಈ ಅನುಕೂಲವನ್ನು ನಾನು ಬಹಳ ವರ್ಷ ಅನುಭವಿಸಿದ್ದೇನೆ. ಬೀಗ ಹಾಕಿದ ಮೇಲೆ ಅದಕ್ಕೆ ಜೋತುಬಿದ್ದು ಪರೀಕ್ಷಿಸುವುದು, ಬೀದಿಯ ತಿರುವಿನವರೆಗೆ ಹೋಗಿ ಗ್ಯಾಸ್ ನೋಡಲು ವಾಪಸು ಬರುವುದು, ನಮ್ಮ ರೈಲಿಗಿಂತ ಮುಂಚಿನ ರೈಲು ಹೊರಡುವ ಮೊದಲೇ ಸ್ಟೇಶನ್ನಿಗೆ ಹೋಗಿ ಕೂಡುವುದು, ಇದನ್ನೆಲ್ಲ ಪುಣೆಯ ಭೋಸರಿಯಲ್ಲಿರುವ ನಮ್ಮ ಕಾರ್ಖಾನೆಯ ಆಫೀಸಿನಲ್ಲಿ ಶಿಸ್ತು ಎಂದು ಕರೆಯುತ್ತಾರೆ. ಮನೆಯಲ್ಲಿ ನನ್ನ ಹೆಂಡತಿ ಗಿರಿಜಾ ಇದಕ್ಕೆ ಬೇರೆ ಹೆಸರಿಟ್ಟಿದ್ದಾಳೆ. ಅದನ್ನು ಇಲ್ಲಿ ಬರೆಯುವುದು ಬೇಡ.

ಗಿರಿಜಾಳ ತಂಗಿ ದಿಲ್ಲಿಯಲ್ಲಿ ಹೊಸ ಮನೆ ಮಾಡಿ ಗೃಹಪ್ರವೇಶಕ್ಕೆ ಕರೆದಳು. ರೈಲಿನಲ್ಲಿ ಹೋಗಿಬರಲು ನನಗೆ ರಜೆ ಸಾಲುವುದಿಲ್ಲ ಎಂದು ತಂಗಿಯ ಗಂಡ ತಾನೇ ವಿಮಾನದ ಟಿಕೆಟ್ ತೆಗೆದು ಫೋನಿಗೆ ಕಳಿಸಿಬಿಟ್ಟ. ನಾವಿಬ್ಬರೂ ವಿಮಾನವನ್ನು ಧನಕವಡಿಯ ನಮ್ಮ ಮನೆಯ ಗಚ್ಚಿಯ ಮೇಲೆ ಬಟ್ಟೆ ಒಣಹಾಕುವಾಗ ತಲೆಯೆತ್ತಿ ನೋಡಿದವರೇ ಹೊರತು ಹತ್ತಿದವರಲ್ಲ. ಗಿರಿಜಾ ಟಿಕೆಟ್ಟನ್ನು ಒಮ್ಮೆ ನೋಡಿದಳು. "ನೀವು ಅದೀರಲ್ಲ, ನನಗೇನ ಚಿಂತಿ" ಎಂದು ರೊಟ್ಟಿ ಬಡಿಯಲು ಒಳಗೆ ಹೋದಳು. ಅಷ್ಟು ದೊಡ್ಡ ಭಾರವನ್ನು ನನ್ನ ಹೆಗಲಿಗೆ ಹಾಕಿ ಒಬ್ಬಾಕೆ ಹಾಗೆ ಹಗುರಾಗಿ ಒಳಗೆ ಹೋಗಬಹುದೆಂದು ನಾನು ಎಣಿಸಿರಲಿಲ್ಲ.

ನಮ್ಮ ಆಫೀಸಿನ ಪಾಟೀಲರು ಬೆಳಗಾವಿ ಕಡೆಯವರು, ಕಂಪನಿಯ ಕೆಲಸಕ್ಕೆಂದು ಹತ್ತಾರು ಸಲ ವಿಮಾನದಲ್ಲಿ ಓಡಾಡಿದವರು. ಊಟದ ಹೊತ್ತಿಗೆ ಅವರ ಪಕ್ಕ ಕೂತು, ಹೆಂಡತಿಗೆ ಸ್ವಲ್ಪ ಹೆದರಿಕೆ ಇದೆ, ಏನು ಮಾಡಬೇಕು ಎಂದು ಕೇಳಿದೆ. ಪಾಟೀಲರು ನನ್ನ ಮುಖವನ್ನು ಒಂದು ಗಳಿಗೆ ನೋಡಿದರು. "ವೈನಿಯವರಿಗೆ ಹೇಳ್ರಿ, ಮ್ಯಾಲೆ ಏನೂ ತ್ರಾಸ ಇಲ್ಲ, ತ್ರಾಸ ಎಲ್ಲಾ ನೆಲದ ಮ್ಯಾಲೆನ ಅದ. ಚೀಲ ಹಗೂರ ಇರಲಿ. ಸೊಂಟಕ್ಕ ಬೆಲ್ಟ್ ಬ್ಯಾಡ, ಅಲ್ಲಿ ಬಿಚ್ಚಸ್ತಾರ. ಕಿವಿ ಗುಂಯ್ ಅಂದ್ರ ಬಾಯಾಗ ಏನಾರ ಚೀಪಬೇಕು. ಮತ್ತ ಒಂದು ಯುಕ್ತಿ ಹೇಳ್ತೀನಿ, ಯಾರಿಗೂ ಹೇಳಬ್ಯಾಡ್ರಿ. ಕಿಟಕಿ ಕಡೀದು ಒಂದು ಸೀಟು, ದಾರಿ ಕಡೀದು ಒಂದು ಸೀಟು ಹಿಡೀರಿ. ನಡುವಿನ ಸೀಟು ಯಾರೂ ತಗೊಳ್ಳೂದಿಲ್ಲ. ಮೂರೂ ನಿಮ್ಮವ" ಎಂದರು. ವೈನಿಯವರಿಗೆ ಬೆಲ್ಟಿನ ಚಿಂತೆ ಯಾಕೆ ಎಂದು ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಆದರೆ ಪಾಟೀಲರು ಈಗ ಮನೆ ಮಾಡಿರುವುದು ಊರಾಚೆಯ ತಳೇಗಾಂವದಲ್ಲಿ. ಧನಕವಡಿಯಿಂದ ವಿಮಾನ ನಿಲ್ದಾಣಕ್ಕೆ ಹೋಗುವ ಕಷ್ಟ ಅವರಿಗೆ ಗೊತ್ತಿಲ್ಲ. ಪುಣೆಯನ್ನು ಈ ತುದಿಯಿಂದ ಆ ತುದಿಗೆ ದಾಟಬೇಕು. ಆದ್ದರಿಂದ ಹೊರಡುವ ದಿನಕ್ಕೆ ಮುಂಚಿನ ರವಿವಾರ ಒಂದು ತಾಲೀಮು ಮಾಡುವುದೆಂದು ನಿರ್ಧರಿಸಿದೆ. ಗಿರಿಜಾಳನ್ನು ಸ್ಕೂಟರಿನ ಹಿಂದೆ ಕೂಡಿಸಿ, ತುಂಬಿದ ಚೀಲವನ್ನು ಮುಂದೆ ಕಾಲಿನ ಸಂದಿಗೆ ಇಟ್ಟುಕೊಂಡು ಹೊರಟೆ. ಸ್ವಾರಗೇಟ್ ಚೌಕ ದಾಟಿದೆವು. ಆಮೇಲೆ ಬೆನ್ನ ಹಿಂದಿನಿಂದ, "ರವಿವಾರ ರಸ್ತಾ ಖಾಲಿ ಇರ್ತದ. ನಾವು ಹೋಗೂದು ಶನಿವಾರ. ಇದರಿಂದ ಏನ ತಿಳೀತದ್ರಿ?" ಎಂದಳು. ಹೆಲ್ಮೆಟ್ಟಿನೊಳಗೆ ಕೇಳಿಸಲಿಲ್ಲ ಎಂಬಂತೆ ಗಾಡಿ ಓಡಿಸಿದೆ.

ನಿಲ್ದಾಣದ ಬಾಗಿಲಲ್ಲಿ ಬಂದೂಕು ಹಿಡಿದ ಜವಾನ ಟಿಕೆಟ್ ಕೇಳಿದ. ತೋರಿಸಿದೆ. ಅವನು ಟಿಕೆಟ್ ನೋಡಿದ, ಚೀಲ ನೋಡಿದ, ನನ್ನನ್ನು ನೋಡಿದ. ಇದು ಮುಂದಿನ ಶನಿವಾರದ್ದು ಅಂಕಲ್, ಎಂದು ಹಿಂದಿಯಲ್ಲಿ ಬಹಳ ಮೆತ್ತಗೆ ಹೇಳಿದ. ಗೊತ್ತಿದೆ, ಬಾಗಿಲು ಎಲ್ಲಿದೆ ಎಂದು ನೋಡಿಕೊಳ್ಳಲು ಬಂದಿದ್ದೇನೆ ಎಂದೆ. ಆತ ಸ್ವಲ್ಪ ಯೋಚಿಸಿ, ಬಾಗಿಲು ಇದೇ, ಶನಿವಾರವೂ ಇಲ್ಲೇ ಇರುತ್ತದೆ ಎಂದ. ತಿರುಗಿ ನೋಡಿದರೆ ಗಿರಿಜಾ ದೂರದಲ್ಲಿ, ಯಾರದೋ ಬರುವಿಕೆಗೆ ಕಾಯುತ್ತಿರುವವರ ಗುಂಪಿನಲ್ಲಿ ಸೇರಿಕೊಂಡು ನಿಂತಿದ್ದಳು.

ಶನಿವಾರ ಬಂತು. ರಿಕ್ಷಾದವನಿಗೆ ದಾರಿಯುದ್ದಕ್ಕೂ ಮರಾಠಿಯಲ್ಲಿ ಅವಸರ ಮಾಡಿ, ನಿಲ್ದಾಣಕ್ಕೆ ಎಷ್ಟು ಬೇಗ ಮುಟ್ಟಿದೆವೆಂದರೆ ಒಳಗೆ ಫಲಕದಲ್ಲಿ ನಮ್ಮ ವಿಮಾನದ ಹೆಸರೇ ಬಂದಿರಲಿಲ್ಲ. ಕಾದು ಕಾದು ತಪಾಸಣೆಗೆ ಹೋದೆ. ಬೆಲ್ಟ್ ಇರಲಿಲ್ಲವಾದ್ದರಿಂದ ಮುಂದಿನವರಂತೆ ಬಿಚ್ಚುವ ಕಷ್ಟವಿರಲಿಲ್ಲ. ಮನಸ್ಸಿನಲ್ಲೇ ಪಾಟೀಲರಿಗೆ ನಮಸ್ಕಾರ ಹೇಳಿದೆ. ಅಷ್ಟರಲ್ಲಿ ತಪಾಸಣೆಯವನು ಎರಡೂ ಕೈ ಮೇಲೆತ್ತಿ ಎಂದ. ಕೈ ಮೇಲೆ ಹೋದವು, ಪ್ಯಾಂಟು ಕೆಳಗೆ ಹೊರಟಿತು. ಒಂದು ಕೈ ಇಳಿಸಿ ಹಿಡಿದುಕೊಂಡೆ. ಎರಡೂ ಕೈ, ಎಂದ ಅವನು. ನಾನು ಇನ್ನೊಂದು ಕೈಯನ್ನು ಇಳಿಸಿ ಅದನ್ನೂ ಪ್ಯಾಂಟಿಗೆ ಹಚ್ಚಿದೆ. ಆತ ನಿಟ್ಟುಸಿರು ಬಿಟ್ಟು, ನಾನು ಹಿಡಿದುಕೊಂಡಿದ್ದ ಹಾಗೆಯೇ ಯಂತ್ರವನ್ನು ಮೈಮೇಲೆ ಆಡಿಸಿ ಕಳಿಸಿದ.

ಪಾಟೀಲರ ಯುಕ್ತಿಯಂತೆ ಕೇಳಿ ಪಡೆದ ಸೀಟುಗಳಲ್ಲಿ ಗಿರಿಜಾ ಕಿಟಕಿಗೆ, ನಾನು ದಾರಿಗೆ. ನಡುವಿನ ಸೀಟು ಖಾಲಿ. ಅದರ ಮೇಲೆ ಚೀಲವಿಟ್ಟು ಕಾಲು ಚಾಚಿದೆ. ಬಾಗಿಲು ಮುಚ್ಚುವ ಹೊತ್ತಿಗೆ ಹಸಿರು ಇಳಕಲ್ ಸೀರೆಯ ಒಬ್ಬ ಅಜ್ಜಿ ಬಂದು ನನ್ನ ಚೀಲವನ್ನೇ ನೋಡುತ್ತ ನಿಂತರು. ಮರಾಠಿಯವರು. ಮಗಳ ಮನೆಗೆ ಹೊರಟಿದ್ದರಂತೆ. ದಾರಿಯ ಕಡೆ ನೀವೇ ಕೂತುಕೊಳ್ಳಿ, ನಾನು ಒಳಗೆ ಸರಿಯುತ್ತೇನೆ ಎಂದು ಅವರಿಗೆ ಮರಾಠಿಯಲ್ಲಿ ಬೇಡಿಕೊಂಡೆ. ಬೇಡ, ನಡುವೆ ಕೂತರೆ ಎರಡೂ ಕಡೆ ಮಾತಾಡಲು ಜನ ಇರುತ್ತಾರೆ ಎಂದು ಅವರು ಕೂತೇಬಿಟ್ಟರು. ಹಾಗೆಂದವರು ನನ್ನ ಕಡೆ ತಿರುಗಲಿಲ್ಲ. ಗಿರಿಜಾ ಕಟಕ ರೊಟ್ಟಿ, ಶೇಂಗಾ ಚಟ್ನಿ ತೆಗೆದಳು. ಅಜ್ಜಿ ತಮ್ಮ ಡಬ್ಬಿ ತೆಗೆದರು. ವಿಮಾನ ಯಾವಾಗ ನೆಲ ಬಿಟ್ಟಿತೆಂದು ಅವರಿಬ್ಬರಿಗೂ ಗೊತ್ತಾಗಲಿಲ್ಲ. ಗೊತ್ತಾದದ್ದು ನನಗೊಬ್ಬನಿಗೆ. ಬಾಯಲ್ಲಿ ಇದ್ದ ಪೆಪ್ಪರಮಿಂಟನ್ನು ಚೀಪದೆ ನುಂಗಿಬಿಟ್ಟಿದ್ದೆ.

ಅರ್ಧ ದಾರಿ ಕಳೆದಿರಬೇಕು. ಬೆಲ್ಟ್ ಕಟ್ಟಿಕೊಳ್ಳಿ, ಹವಾ ಸರಿಯಿಲ್ಲ ಎಂದು ಒಳಗಿನಿಂದ ಧ್ವನಿ ಬಂತು. ಅದರ ಬೆನ್ನಿಗೇ ವಿಮಾನ ಒಮ್ಮೆ ಕುಸಿದು, ಹೊಂಡದ ರಸ್ತೆಯ ಎಸ್.ಟಿ. ಬಸ್ಸಿನ ಹಾಗೆ ಗಡಗಡ ಅಲುಗತೊಡಗಿತು. ಕಣ್ಣು ಮುಚ್ಚಿದೆ. ಕೈಗೆ ಒಂದು ಕೈ ಸಿಕ್ಕಿತು. ಬಿಗಿಯಾಗಿ ಹಿಡಿದೆ. ಗಂಡನಾದವನ ಕರ್ತವ್ಯ ನೆನಪಾಗಿ, "ಗಿರಿಜಾ, ಹೆದರಬ್ಯಾಡ, ನಾ ಅದೀನಿ" ಎಂದು ಗಟ್ಟಿಯಾಗಿಯೇ ಹೇಳಿದೆ.

"ಘಾಬರೂ ನಕಾ" ಎಂದು ಮರಾಠಿಯಲ್ಲಿ ಉತ್ತರ ಬಂತು. ಹೆದರಬೇಡಿ ಎಂದು ನನಗೇ ಹೇಳುತ್ತಿದ್ದರು. ಕಣ್ಣು ಬಿಟ್ಟೆ. ನಾನು ಹಿಡಿದಿದ್ದ ಕೈಯಲ್ಲಿ ಹಸಿರು ಗಾಜಿನ ಬಳೆಗಳಿದ್ದವು. ಅದರಾಚೆ ಗಿರಿಜಾ, ಬಾಯಿಗೆ ಸೆರಗು ಒತ್ತಿಕೊಂಡು, ಕಿಟಕಿಯ ಹೊರಗಿನ ಮೋಡವನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದಳು. ಕೈ ಬಿಡಬೇಕೆಂದುಕೊಂಡೆ. ವಿಮಾನ ಮತ್ತೊಮ್ಮೆ ಕುಸಿಯಿತು, ಬಿಡಲಿಲ್ಲ. ಅಜ್ಜಿಯೂ ಬಿಡಿಸಿಕೊಳ್ಳಲಿಲ್ಲ. ಇನ್ನೊಂದು ಕೈಯನ್ನು ಆಡಿಸುತ್ತ, ಪೂರಣಕ್ಕೆ ಬೇಳೆ ಎಷ್ಟು ಬೇಯಬೇಕೆಂದು ಗಿರಿಜಾಳಿಗೆ ಹೇಳುವುದನ್ನು ಮುಂದುವರಿಸಿದರು.

ದಿಲ್ಲಿಯ ಮನೆ ತುಂಬ ನೆಂಟರು. ಕಾಲು ತೊಳೆದು ಕೂತ ಕೂಡಲೇ ತಂಗಿ, "ಅಕ್ಕಾ, ಮೊದಲನೇ ಸಲ ವಿಮಾನ, ಅಂಜಿಕಿ ಬರಲಿಲ್ಲೇನು?" ಎಂದು ಎಲ್ಲರೆದುರಿಗೇ ಕೇಳಿದಳು. ನಾನು ಬಶಿಯಲ್ಲಿದ್ದ ಚಹಾದ ಕಡೆ ನೋಡಿದೆ.

"ಭಾಳ ಅಂಜಿಕಿ ಆತು ನೋಡು," ಎಂದಳು ಗಿರಿಜಾ. "ವಿಮಾನ ಅಳ್ಳಾಡಲಿಕ್ಕೆ ಹತ್ತಿದಾಗ ಇವರು ಕೈ ಹಿಡಕೊಂಡು ಧೈರ್ಯ ಹೇಳಿದ್ರು. ದಿಲ್ಲಿ ಮುಟ್ಟೂತನಕ ಬಿಡಲೇ ಇಲ್ಲ."

ಅದರಲ್ಲಿ ಸುಳ್ಳು ಎಂದು ಬೆರಳಿಟ್ಟು ತೋರಿಸುವಂಥದ್ದು ಬಹಳ ಇರಲಿಲ್ಲ. ನೆಂಟರು ನನ್ನನ್ನು ಗೌರವದಿಂದ ನೋಡಿದರು. ಷಡ್ಡಕನ ಅಪ್ಪ ತಮ್ಮ ಕುರ್ಚಿಯನ್ನು ನನ್ನ ಹತ್ತಿರ ಎಳೆದುಕೊಂಡು, ಮುಂದಿನ ತಿಂಗಳು ತಾವೂ ಮೊದಲ ಸಲ ವಿಮಾನ ಹತ್ತುವವರೆಂದು ಹೇಳಿ, ಏನೇನು ತಯಾರಿ ಮಾಡಿಕೊಳ್ಳಬೇಕು ಎಂದು ಕೇಳಿದರು. ನಾನು ಗಂಟಲು ಸರಿಮಾಡಿಕೊಂಡು, ತ್ರಾಸ ಎಲ್ಲ ನೆಲದ ಮೇಲೆಯೇ ಇದೆ ಎಂದು ಶುರುಮಾಡಿದೆ.

ಚಹಾದ ಬಶಿ ತೆಗೆದುಕೊಂಡು ಹೋಗಲು ಬಾಗಿದ ಗಿರಿಜಾ ನನ್ನ ಕಿವಿಯ ಹತ್ತಿರ, "ವಾಪಸ್ ಹೋಗೂವಾಗ ನಡುವಿನ ಸೀಟಿನ್ಯಾಗ ನಾನ ಕೂಡ್ತೀನ್ರಿ. ಪಾಪ, ಮಂದಿಗೆ ಯಾಕ ತ್ರಾಸ" ಎಂದಳು.

ಆಗಲಿ ಎಂದು ತಲೆಯಾಡಿಸಿದೆ. ಹಿರಿಯರು ಅದನ್ನು ತಮಗೆ ಹೇಳಿದ ಸಲಹೆಯ ಭಾಗವೆಂದೇ ತಿಳಿದು, ತಾವೂ ಗಂಭೀರವಾಗಿ ತಲೆಯಾಡಿಸಿದರು.