ಮುಕಾದಮನನ್ನು ಮನೆಗೆ ಕಳಿಸಿದ್ದು

ತಿಳಿಯದ್ದನ್ನು ಕಂಡಾಗ ಸುಮ್ಮನೆ ಬಾಯಿ ಬಿಟ್ಟು ನೋಡುವವರು ಪುಣ್ಯವಂತರು. ನೋಡಿದ್ದು ಸಾಲದೆಂದು ಕೈ ಹಾಕುವ ಜಾತಿ ನನ್ನದು. ನಾನು ಬಿಚ್ಚಿದ ಮೇಲೆ ಮತ್ತೆ ನುಡಿಯದ ರೇಡಿಯೋ ಒಂದು ನಮ್ಮ ಮನೆಯಲ್ಲಿದೆ. ಹೆಂಡತಿ ಅದರ ಮೇಲೆ ಹೂದಾನಿ ಇಟ್ಟಿದ್ದಾಳೆ. ಇಂಥವನ ಕೈಗೆ ಎಂಬತ್ತರ ದಶಕದ ಕೊನೆಯಲ್ಲಿ, ಗಂಗಾವತಿಯಲ್ಲಿ ನಾನು ಪಾಠ ಹೇಳುತ್ತಿದ್ದ ಕಾಲೇಜಿನವರು ಒಂದು ಕಂಪ್ಯೂಟರನ್ನು ಒಪ್ಪಿಸಿಬಿಟ್ಟರು. ಬೀರುವಿನಷ್ಟು ಎತ್ತರದ ಯಂತ್ರ, ಅದಕ್ಕೆ ನಾಲ್ಕು ಪರದೆ. ನಾಲ್ವರು ಕೂತು ನಾಲ್ಕು ಕೆಲಸ ಕೊಟ್ಟರೂ ಎಲ್ಲವನ್ನೂ ಒಟ್ಟಿಗೆ ಸಂಭಾಳಿಸುತ್ತಿತ್ತು. ಸಂಭಾಳಿಸುವುದು ಕರ್ನೆಲ್ ಎಂಬ ಮೂಲ ಪ್ರೋಗ್ರಾಮು. ನಡೆಯುವ ಪ್ರತಿ ಕೆಲಸಕ್ಕೂ ಅದು ಒಂದು ನಂಬರು ಕೊಡುತ್ತದೆ. ಯಾವುದಾದರೂ ಕೆಲಸ ಹಟ ಹಿಡಿದು ನಿಂತರೆ ನಂಬರು ಹೇಳಿ ಅದನ್ನು ಕೊಲ್ಲಬಹುದು. ಕರ್ನೆಲ್ಲಿನ ಬರಹ ಅಚ್ಚಾಗಿ ಯಂತ್ರದ ಜೊತೆಗೇ ಬಂದಿತ್ತು. ಓದುತ್ತ ಹೋದಂತೆ ನನಗೆ ನಿಜವಾಗಿಯೂ ಮೈ ಜುಮ್ಮೆಂದಿತು. ಯಾರೋ ಎಲ್ಲೋ ಕೂತು ಇಷ್ಟನ್ನೆಲ್ಲ ಯೋಚಿಸಿದ್ದಾರಲ್ಲ ಎಂದು ತಟ್ಟೆಯ ಮುಂದೆಯೂ ಮಂಕಾಗಿ ಕೂತಿದ್ದೆ. ಹೆಂಡತಿ ಹಣೆ ಮುಟ್ಟಿ ಜ್ವರ ನೋಡಿದಳು.

ತೊಂದರೆ ಶುರುವಾದದ್ದು ನಾಲ್ಕನೆಯ ಪರದೆಯಿಂದ. ಮೂರು ಪರದೆ ನಮ್ಮ ವಿದ್ಯಾರ್ಥಿಗಳಿಗೆ, ನಾಲ್ಕನೆಯದು ಕಾಲುವೆ ಕಚೇರಿಗೆ ಎಂದು ಒಪ್ಪಂದವಾಗಿತ್ತು. ಆ ಕಚೇರಿಯಿಂದ ಫಾತಿಮಾ ಎಂಬ ತಾತ್ಕಾಲಿಕ ನೌಕರಳು ಬರುತ್ತಿದ್ದಳು. ಯಾವ ಊರಿನ ಗದ್ದೆಗೆ ಯಾವ ದಿನ ನೀರು ಎಂಬ ಪಟ್ಟಿ ತೆಗೆಯುವುದು ಆಕೆಯ ಕೆಲಸ. ಲೆಕ್ಕ ಮುಗಿಯಲು ನಾಲ್ಕು ತಾಸು ಬೇಕು. ಮೂರನೆಯ ತಾಸಿಗೆ ಯಾವನೋ ವಿದ್ಯಾರ್ಥಿ ತನ್ನ ಕೆಲಸ ಕೊಲ್ಲಲು ಹೋಗಿ, ನಂಬರು ತಪ್ಪಿ, ಆಕೆಯದನ್ನು ಕೊಲ್ಲುತ್ತಿದ್ದ. ಎಲ್ಲರಿಗೂ ಒಂದೇ ಪಾಸ್‌ವರ್ಡು ಕೊಟ್ಟವನು ನಾನೇ. ಬೇರೆ ಬೇರೆ ಕೊಟ್ಟಿದ್ದರೆ ತಂಟೆಯೇ ಇರುತ್ತಿರಲಿಲ್ಲ. ಆದರೆ ಅದು ನನಗೆ ಹೊಳೆದದ್ದು ನಿವೃತ್ತಿಯಾದ ಮೇಲೆ. ಇತ್ತ, ಇನ್ನು ಹದಿನೈದು ದಿನಕ್ಕೆ ಬರುವ ಶನಿವಾರದೊಳಗೆ ಪಟ್ಟಿ ಕೈಸೇರದಿದ್ದರೆ ಹಳೆಯ ಗುಮಾಸ್ತನನ್ನೇ ಕರೆಸುತ್ತೇನೆ, ನೀನು ಬರಬೇಕಾಗಿಲ್ಲ ಎಂದು ಆಕೆಯ ಸಾಹೇಬರು ಹೇಳಿಬಿಟ್ಟಿದ್ದರು.

ಆಕೆಯ ತಂದೆ ಖಾಸಿಂಸಾಬ ಕಾರಟಗಿಯ ಅಕ್ಕಿ ಗಿರಣಿಯೊಂದರಲ್ಲಿ ಹಮಾಲರ ಮುಕಾದಮ, ಅಂದರೆ ಮೇಸ್ತ್ರಿ. ತಪ್ಪಿತಸ್ಥನ ಮುಖ ಹೊತ್ತು ಅವರಿಗೆ ಸಮಾಧಾನ ಹೇಳಲು ಹೋದೆ. ಗಿರಣಿಯಲ್ಲಿ ಹಮಾಲರ ಮೂರು ಗುಂಪು, ಅವರ ಮಾತಿನಲ್ಲಿ ಟೋಳಿ, ಚೀಲ ಹೊರುತ್ತಿದ್ದವು. ಪ್ರತಿ ಟೋಳಿಯಲ್ಲೂ ಮುಕಾದಮನೇ ಒಂದನೇ ನಂಬರು, ಉಳಿದವರು ಎರಡು, ಮೂರು, ನಾಲ್ಕು. ಮೂರು ಟೋಳಿಗೆ ಮೂವರು ಮೂರನೇ ನಂಬರಿನವರಾದರೆ ಗೊಂದಲವಾಗುವುದಿಲ್ಲವೇ ಎಂದು ಖಾಸಿಂಸಾಬರನ್ನು ಕೇಳಿದೆ.

"ಯಾಕ್ ಆಗತೈತ್ರಿ? ನಾ ಮೂರು ಅಂದ್ರ ನಮ್ಮಾಂವ ಅಷ್ಟ ಬರ್ತಾನ. ಬ್ಯಾರೆ ಟೋಳಿಯಾಂವ ತಿರುಗಿ ಸೈತ ನೋಡಂಗಿಲ್ಲ. ಗುಮಾಸ್ತರ ಹಾಜರಿ ಪುಸ್ತಕದಾಗ ಎಲ್ಲಾರಿಗೂ ಬ್ಯಾರೆ ಬ್ಯಾರೆ ನಂಬರ್ ಅದಾವ್ರಿ. ಅದು ಅವರಿಗೆ, ಇದು ನಮಗ."

ನಾನು ತೌಡಿನ ಧೂಳಿನಲ್ಲಿ ಹಾಗೇ ನಿಂತುಬಿಟ್ಟೆ. ಅಷ್ಟು ಪುಟ ಓದಿ ನನಗೆ ಕಾಣದ್ದು ಈ ಮನುಷ್ಯನಿಗೆ ದಿನನಿತ್ಯದ ಮಾತಾಗಿತ್ತು. ಹೇಳಬಂದ ಸಮಾಧಾನವನ್ನು ಮರೆತೇ ಬಸ್ಸು ಹತ್ತಿದೆ.

ಹತ್ತು ದಿನ ಕೂತು ಕರ್ನೆಲ್ಲಿಗೆ ಟೋಳಿ ಕಟ್ಟುವ ಒಂದು ಹೊಸ ಆಜ್ಞೆ ಸೇರಿಸಿದೆ. ಪ್ರತಿ ಪರದೆಗೂ ಒಂದು ಟೋಳಿ, ಅದರ ಮೊದಲ ಕೆಲಸವೇ ಮುಕಾದಮ, ಆಮೇಲೆ ಹುಟ್ಟಿದವೆಲ್ಲ ಅದೇ ಟೋಳಿಯ ಎರಡು, ಮೂರು. ದೊಡ್ಡ ಹಾಜರಿ ಪುಸ್ತಕ ಕರ್ನೆಲ್ಲಿನ ಹತ್ತಿರ. ಹೊರಗಿನವರು ಯಾರೂ ಒಳಗಿನವರನ್ನು ಮುಟ್ಟಕೂಡದೆಂದು ಬಿಗಿ ಮಾಡಿದೆ, ನನ್ನನ್ನೂ ಬಿಡದೆ. ಗುರುವಾರ ಒಬ್ಬ ವಿದ್ಯಾರ್ಥಿ ತನ್ನ ಏಳನೇ ನಂಬರನ್ನು ಕೊಂದ. ಫಾತಿಮಾ ಪರೀಕ್ಷೆಗೆಂದು ಹಚ್ಚಿದ್ದ ಸಣ್ಣ ಲೆಕ್ಕದ ಏಳನೇ ನಂಬರು ಏನೂ ಆಗದಂತೆ ನಡೆಯುತ್ತಲೇ ಇತ್ತು. ನನ್ನ ಕಣ್ಣಲ್ಲಿ ನೀರು ಬಂತೆಂದು ಹೇಳಲು ನಾಚಿಕೆಯಿಲ್ಲ.

ಶುಕ್ರವಾರ ಖಾಸಿಂಸಾಬರು ಮಗಳ ಕೆಲಸ ನೋಡಲು ಬಂದರು. ಆಕೆಯ ಪಟ್ಟಿ ಮೂರು ತಾಸು ಮುಗಿಸಿತ್ತು. ನಾನು ಪಕ್ಕದ ಪರದೆಯಲ್ಲಿ ನನ್ನದೊಂದು ಟೋಳಿ ಕಟ್ಟಿ, ನಿಲ್ಲದೆ ಎಣಿಸುವ ಕೆಲಸವೊಂದನ್ನು ಹಚ್ಚಿ, ಹೆಮ್ಮೆಯಿಂದ ತೋರಿಸಿದೆ. ಅವರು ಬಹಳ ಹೊತ್ತು ನೋಡಿ, ಮುಕಾದಮ ಮನೆಗೆ ಹೋದರೆ ಏನಾಗುತ್ತದೆ ಎಂದು ಕೇಳಿದರು. ಅದನ್ನು ನಾನು ಯೋಚಿಸಿರಲಿಲ್ಲ. ಯೋಚಿಸುವ ಬದಲು ನೋಡೇಬಿಡೋಣವೆಂದು ನನ್ನ ಒಂದನೇ ನಂಬರನ್ನು ಕೊಂದೆ. ನನ್ನ ಪರದೆ ಸ್ತಬ್ಧವಾಯಿತು. ಎಣಿಸುವವನು ಮಾತ್ರ ಹೇಳುವವರು ಕೇಳುವವರಿಲ್ಲದೆ ಎಣಿಸುತ್ತ ಇಡೀ ಯಂತ್ರವನ್ನು ನುಂಗತೊಡಗಿದ. ಅವನನ್ನು ಹೊರಗಿನಿಂದ ಮುಟ್ಟದಂತೆ ಬಿಗಿ ಮಾಡಿದವನು ನಾನೇ. ಮುಖ್ಯ ಸ್ವಿಚ್ಚು ಆರಿಸದೆ ಗತಿಯಿರಲಿಲ್ಲ. ಆರಿಸಿದೆ. ಫಾತಿಮಾಳ ಮೂರು ತಾಸು ಹೋಯಿತು.

ಆಕೆ ತನ್ನ ಕಾಗದಗಳನ್ನು ಮತ್ತೆ ಮೊದಲ ಪುಟದಿಂದ ಜೋಡಿಸತೊಡಗಿದಳು. ಖಾಸಿಂಸಾಬರೇ ಮೆಲ್ಲಗೆ ಹೇಳಿದರು: "ನಮ್ಮಲ್ಲಿ ಮುಕಾದಮ ಹ್ವಾದ್ರ ಟೋಳಿನೂ ಹೋಗತೈತ್ರಿ ಸರ. ಹಿಂದ ಒಬ್ಬನ್ನ ಬಿಟ್ಟು ಹೋಗಂಗಿಲ್ಲ."

ಸಂಜೆಯೊಳಗೆ ಅದನ್ನೂ ಕರ್ನೆಲ್ಲಿಗೆ ಬರೆದೆ. ಆರೇ ಸಾಲು. ಬರೆಯುವಾಗ ಆ ಮನುಷ್ಯನ ಮೇಲೆ ನನಗೆ ಹುಟ್ಟಿದ ಗೌರವ ಕರ್ನೆಲ್ ಬರೆದವರ ಮೇಲಿನದಕ್ಕಿಂತ ಏನೂ ಕಡಿಮೆಯಿರಲಿಲ್ಲ. ಇನ್ನು ಯಾವ ಭಯವೂ ಇಲ್ಲ, ನಾಳೆ ಬೆಳಿಗ್ಗೆಯೇ ಬಂದು ಪಕ್ಕದಲ್ಲೇ ಕೂತಿರುತ್ತೇನೆ ಎಂದು ಫಾತಿಮಾಳಿಗೆ ಧೈರ್ಯ ಹೇಳಿದೆ. ಆಕೆ ಕಾಗದಗಳನ್ನು ಚೀಲಕ್ಕೆ ತುಂಬುತ್ತ ಹೇಳಿದಳು:

"ಸರ, ಹುಡುಗರು ಬಂದ್ರ ಬರ್ಲಿರಿ, ಅವರ ಕೈಲೆ ಈಗ ಏನೂ ಆಗೂದಿಲ್ಲ. ನೀವೊಬ್ರು ಬರಬ್ಯಾಡ್ರಿ."

ಶನಿವಾರ ನಾನು ಮನೆಯಲ್ಲಿ ಹೆಂಡತಿಯ ಜೊತೆ ಅಕ್ಕಿ ಆರಿಸುತ್ತ ಕೂತೆ. ಮಧ್ಯಾಹ್ನ ಫಾತಿಮಾ ಬಾಗಿಲಿಗೇ ಬಂದು, ಪಟ್ಟಿ ಮುಗಿಯಿತು, ಸಾಹೇಬರ ಕೈಗೆ ಕೊಟ್ಟೆ, ಕೆಲಸ ಉಳಿಯಿತು ಎಂದು ಹೇಳಿದಳು. ನಿಮ್ಮಿಂದ ಭಾಳ ಉಪಕಾರವಾಯಿತು ಅಂತಲೂ ಅಂದಳು. ಕರ್ನೆಲ್ಲಿಗಾಗಿಯೋ, ಬರದೇ ಇದ್ದುದಕ್ಕಾಗಿಯೋ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.