ಬಟ್ಟಲು ಖಾಲಿ ಮಾಡಿದ ತಪ್ಪಿಗೆ

ಬೆಟ್ಟ ಹತ್ತುವುದರಲ್ಲಿ ನನಗೆ ಎಳ್ಳಷ್ಟೂ ಆಸಕ್ತಿಯಿಲ್ಲ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಬೆಟ್ಟವಿರುವುದು ದೂರದಿಂದ ನೋಡಿ, ಚೆನ್ನಾಗಿದೆ ಎಂದು ಹೇಳಿ, ಮತ್ತೆ ಕಾರು ಹತ್ತುವುದಕ್ಕೆ ಎಂದು ನಂಬಿಕೊಂಡು ಐವತ್ತೊಂದು ವರ್ಷ ಕಳೆದವನು ನಾನು. ಹುಟ್ಟಿ ಬೆಳೆದದ್ದು ಮೈಸೂರಿನಲ್ಲಾದರೂ ಚಾಮುಂಡಿ ಬೆಟ್ಟಕ್ಕೆ ಹೋದದ್ದೆಲ್ಲ ಬಸ್ಸಿನಲ್ಲೇ. ಈಗ ಸಿಡ್ನಿಯಲ್ಲಿ, ಟೂಂಗಾಬಿಯ ನಮ್ಮ ಮನೆಯಿಂದ ಸ್ಟೇಷನ್ನಿಗೆ ಹೋಗುವಾಗ ಸಿಗುವ ಸಣ್ಣ ಏರು ಕೂಡ ಯಾರೋ ಬೇಕೆಂದೇ ನನಗಾಗಿ ಮಾಡಿಟ್ಟಂತೆ ಕಾಣುತ್ತದೆ. ಅಂಥವನು ನೇಪಾಳದ ಶೆರ್ಪಾ ಹಳ್ಳಿಗಳ ನಡುವೆ ಹನ್ನೆರಡು ದಿನದ ಟ್ರೆಕ್ಕಿಂಗ್ ಬುಕ್ ಮಾಡಿದ್ದು ಮಗಳಿಗಾಗಿ.

ಮಗಳು ಅನನ್ಯಾ ಹನ್ನೆರಡನೆಯ ತರಗತಿ ಮುಗಿಸಿದ್ದಳು. ಫೆಬ್ರವರಿಯಲ್ಲಿ ಯೂನಿವರ್ಸಿಟಿಗೆಂದು ಮೆಲ್ಬರ್ನ್‌ಗೆ ಹೊರಡುವವಳು, ಅದಕ್ಕೆ ಮುಂಚೆ ಹಿಮಾಲಯ ನೋಡಬೇಕೆಂದು ಹಟ ಹಿಡಿದಳು. ಅಪ್ಪನ ಜೊತೆ ಹೋಗುವುದಾದರೆ ಹೋಗು ಎಂದಳು ನನ್ನ ಹೆಂಡತಿ ಸುಮಾ. ನಾನಂತೂ ಒಪ್ಪುವವನಲ್ಲ, ವಿಷಯ ಅಲ್ಲಿಗೇ ಮುಗಿಯಿತು ಎಂಬುದು ಅವಳ ಲೆಕ್ಕಾಚಾರ. ನಾನು ಒಪ್ಪಿದೆ. ಕೊಲೆಸ್ಟರಾಲ್‌ಗೆ ಒಳ್ಳೆಯದಂತೆ ಎಂದು ಎಲ್ಲರಿಗೂ ಹೇಳಿಕೊಂಡು ಬಂದೆ. ನಿಜ ಬೇರೆ. ಎರಡು ವರ್ಷದಿಂದ ನಮ್ಮಿಬ್ಬರ ಮಾತೆಲ್ಲ ಎಷ್ಟು ಹೊತ್ತಿಗೆ ಪಿಕಪ್, ಎಲ್ಲಿ ಡ್ರಾಪ್ ಎಂಬಷ್ಟಕ್ಕೇ ನಿಂತಿತ್ತು. ಫೆಬ್ರವರಿಯ ನಂತರ ಅದೂ ಇರುವುದಿಲ್ಲ. ಈ ಹನ್ನೆರಡು ದಿನವಾದರೂ ಅವಳು ನನ್ನ ಜೊತೆಗಿರಲಿ ಎಂಬ ಆಸೆ.

ತಯಾರಿಗೆಂದು ಬ್ಯಾಗಿನಲ್ಲಿ ಹತ್ತು ಕಿಲೋ ಸೋನಾ ಮಸೂರಿ ತುಂಬಿಕೊಂಡು ಪಕ್ಕದ ಪೆಂಡಲ್ ಹಿಲ್ ಸ್ಟೇಷನ್ನಿನ ಮೆಟ್ಟಿಲುಗಳನ್ನು ಭಾನುವಾರವೆಲ್ಲ ಹತ್ತಿ ಇಳಿದೆ. ಪರಿಚಯದ ಆಂಟಿಯೊಬ್ಬರು ತಡೆದು ನಿಲ್ಲಿಸಿ, ಅಕ್ಕಿ ಯಾವ ಅಂಗಡಿಯಲ್ಲಿ ರಿಯಾಯಿತಿಗೆ ಬಂದಿದೆ ಎಂದು ವಿಚಾರಿಸಿದರು. ನನ್ನ ಸಾಹಸವನ್ನು ಜನ ಅಷ್ಟರಮಟ್ಟಿಗೆ ಅರ್ಥಮಾಡಿಕೊಂಡಿದ್ದರು.

ನಮ್ಮ ಗೈಡ್ ಪಾಸಾಂಗ್ ಎಂಬ ಶೆರ್ಪಾ. ನನ್ನ ವಯಸ್ಸಿನವನೇ. ನನಗಿಂತ ಒಳ್ಳೆಯ ಹಿಂದಿ ಆಡುತ್ತಿದ್ದ, ನಾನು ಉಸಿರಾಡುವುದೂ ಮರೆತ ಕಡೆಗಳಲ್ಲಿ ಹಾಡು ಗುನುಗುತ್ತಿದ್ದ. ನಿಧಾನವಾಗಿ ನಡೆಯಿರಿ ಎನ್ನುವುದೊಂದೇ ಅವನ ಉಪದೇಶ. ಅದನ್ನು ನನ್ನಷ್ಟು ಶ್ರದ್ಧೆಯಿಂದ ಪಾಲಿಸಿದವರು ಇನ್ನೊಬ್ಬರಿರಲಾರರು. ಪ್ರತಿ ತಿರುವಿನಲ್ಲೂ ಅನನ್ಯಾ ಶೂ ಲೇಸು ಕಟ್ಟುವವಳಂತೆ ಬಗ್ಗಿ ಕಾಯುತ್ತಿದ್ದಳು. ದಿನಕ್ಕೆ ನಲವತ್ತು ಸಲ ಬಿಚ್ಚಿಹೋಗುವ ಲೇಸನ್ನು ಯಾವ ಕಂಪನಿಯೂ ಮಾಡಿರಲಾರದು ಎಂದು ನನಗೂ ಗೊತ್ತಿತ್ತು.

ಐದನೆಯ ದಿನ ಸಂಜೆ ಪಾಸಾಂಗನ ಚಿಕ್ಕಮ್ಮನ ಮನೆಯಲ್ಲಿ ಉಳಿದೆವು. ಒಲೆಯ ಪಕ್ಕ ಕೂರಿಸಿ ಆಕೆ ಬೆಣ್ಣೆ, ಉಪ್ಪು ಹಾಕಿದ ಚಹಾ ಕೊಟ್ಟಳು. ಚಹಾ ಎಂದುಕೊಂಡು ಕುಡಿದರೆ ಕಷ್ಟ, ಸಾರು ಎಂದುಕೊಂಡರೆ ಇಳಿಯುತ್ತದೆ. ನಾನು ಎಲೆಯಲ್ಲಿ ಅಗುಳು ಬಿಟ್ಟರೆ ಅಜ್ಜಿಯಿಂದ ಬೈಸಿಕೊಂಡು ಬೆಳೆದವನು. ಕೊಟ್ಟದ್ದನ್ನು ಬಿಡುವುದುಂಟೇ? ಬಟ್ಟಲು ಖಾಲಿ ಮಾಡಿದೆ, ಆಕೆ ತುಂಬಿದಳು. ಮತ್ತೆ ಖಾಲಿ ಮಾಡಿದೆ, ಮತ್ತೆ ತುಂಬಿದಳು. ಖಾಲಿ ಬಟ್ಟಲು ಅತಿಥಿಯ ಮುಂದಿದ್ದರೆ ಅದು ಆ ಮನೆಗೆ ಅವಮಾನವಂತೆ. ಸಾಕಾದವರು ತುಂಬಿದ ಬಟ್ಟಲನ್ನು ಹಾಗೇ ಬಿಡಬೇಕಂತೆ. ಇದು ನನಗೆ ತಿಳಿದದ್ದು ಮರುದಿನ. ಆ ಸಂಜೆ ಬೇಡ ಬೇಡ ಎಂದು ಅಂಗೈ ಅಡ್ಡ ಹಿಡಿದೆ. ನಮ್ಮ ಮದುವೆ ಮನೆಗಳಲ್ಲಿ ಅಂಥ ಬೇಡಕ್ಕೆ ಏನು ಬೆಲೆಯೋ ಅಲ್ಲೂ ಅಷ್ಟೇ. ಎರಡು ಗುಟುಕು ಕುಡಿದು, ನೋ ಥ್ಯಾಂಕ್ಯೂ ಎಂದು ಬಟ್ಟಲು ಕೆಳಗಿಟ್ಟ ಅನನ್ಯಾಳನ್ನು ಮಾತ್ರ ಆಕೆ ಮತ್ತೆ ಒತ್ತಾಯಿಸಲಿಲ್ಲ. ನಾನು ಒಂಬತ್ತನೆಯ ಬಟ್ಟಲಿಗೆ ಎಣಿಸುವುದನ್ನು ಬಿಟ್ಟೆ.

ಬೆಳಗಾಗುವಷ್ಟರಲ್ಲಿ ಹೊಟ್ಟೆಯಲ್ಲಿದ್ದುದೆಲ್ಲ ಹೊರಗೆ ಬಂದಿತ್ತು. ನನ್ನ ಮುಖ ನೋಡಿದ ಪಾಸಾಂಗ್, ಇದು ಎತ್ತರದ ಕಾಯಿಲೆ ಇರಬಹುದು, ಮೇಲೆ ಹೋಗುವಂತಿಲ್ಲ ಎಂದುಬಿಟ್ಟ. ಎತ್ತರವಲ್ಲ, ನಿಮ್ಮ ಚಿಕ್ಕಮ್ಮ ಎಂದು ಹಿಂದಿಯಲ್ಲಿ ಮರ್ಯಾದೆಯಾಗಿ ಹೇಳುವುದು ಹೇಗೆಂದು ನನಗೆ ಹೊಳೆಯಲಿಲ್ಲ. ಅನನ್ಯಾ ಬೆನ್ನಿನ ಬ್ಯಾಗು ಕೆಳಗಿಟ್ಟು, ಹಾಗಾದರೆ ತಾನೂ ಹೋಗುವುದಿಲ್ಲ ಎಂದು ಇಂಗ್ಲಿಷಿನಲ್ಲಿ ಘೋಷಿಸಿದಳು. ನನಗೆ ಒಳಗೊಳಗೇ ಖುಷಿಯಾಯಿತು. ಸುಳ್ಳು ಹೇಳಬಾರದು.

ಹತ್ತು ಗಂಟೆಯ ಹೊತ್ತಿಗೆ ನಾನು ಚೇತರಿಸಿಕೊಂಡೆ. ಪಾಸಾಂಗ್ ತಲೆನೋವಿದೆಯೇ ಎಂದು ಕೇಳಿ, ನಾಲ್ಕು ಹೆಜ್ಜೆ ನಡೆಸಿ ನೋಡಿ, ಎತ್ತರದ್ದಲ್ಲವೆನಿಸುತ್ತದೆ, ಇವತ್ತೊಂದು ದಿನ ಇಲ್ಲೇ ಸುಧಾರಿಸಿಕೊಂಡು ನಾಳೆ ಮೂವರೂ ಹೋಗೋಣ ಎಂದ. ಅನನ್ಯಾ ಅಂಗಳದ ಕಲ್ಲುಗೋಡೆಯ ಮೇಲೆ ಕುಳಿತು ಮೇಲಿನ ದಾರಿಯನ್ನೇ ನೋಡುತ್ತಿದ್ದಳು. ಇನ್ನೂ ಎಷ್ಟು ತಿರುವಿನಲ್ಲಿ ಈ ಹುಡುಗಿ ನನಗಾಗಿ ಲೇಸು ಕಟ್ಟಬೇಕು ಎನಿಸಿ ಸಂಕಟವಾಯಿತು.

“ಮಂಡೀನೂ ನೋಯ್ತಿದೆ ಕಣೇ. ಪಾಸಾಂಗ್ ಅಂಕಲ್ ಜೊತೆ ನೀನು ಹೋಗಿ ಬಾ, ನಾನು ಇಲ್ಲೇ ಇರ್ತೀನಿ,” ಎಂದೆ.

ಅವಳು ಗೋಡೆಯಿಂದ ಇಳಿದಳು. “ನಿಜವಾಗ್ಲೂ ಹೋಗ್ಲಾ ಅಪ್ಪ?” ಎಂದಳು. ಅವಳ ಬಾಯಲ್ಲಿ ಕನ್ನಡ ಕೇಳಿ ತಿಂಗಳುಗಳೇ ಆಗಿದ್ದವು.

ಹೋಗು ಎಂದೆ. ಹೋದಳು. ಅರ್ಧ ಓಡಿಕೊಂಡೇ ಹೋದಳು, ಒಮ್ಮೆಯೂ ಬಗ್ಗಲಿಲ್ಲ. ನನಗೆ ಅಳು ಬಂತು. ಚಿಕ್ಕಮ್ಮ ಬಂದು ಬಟ್ಟಲು ಕೈಗಿಟ್ಟಳು.

ಎರಡು ದಿನ ಆಕೆಯ ಜೊತೆ ಆಲೂಗಡ್ಡೆ ಸುಲಿದೆ. ಬಿಸಿಲಿಗೆ ಮೂಗು ಸುಟ್ಟುಕೊಂಡು ವಾಪಸು ಬಂದ ಮಗಳು ಒಂದು ಗಂಟೆ ಬಿಡದೆ ಮಾತಾಡಿದಳು. ಅಷ್ಟು ಮಾತಿಗಾಗಿಯೇ ನಾನು ಅಷ್ಟು ದೂರ ಹೋದದ್ದು. ಟೂಂಗಾಬಿಗೆ ಬಂದ ಮೇಲೆ ಸ್ನೇಹಿತರ ಮುಂದೆಲ್ಲ ಇದನ್ನು ತ್ಯಾಗವೆಂದೇ ಹೇಳಿಕೊಂಡೆ. ನಿಂತದ್ದು ಮಗಳಿಗೋಸ್ಕರವೋ ಮಂಡಿಗೋಸ್ಕರವೋ ಎಂದು ಸುಮಾ ಒಮ್ಮೆ ಕೇಳಿದಳು. ನಾನು ಟೀವಿ ಹಾಕಿದೆ.

ಫೆಬ್ರವರಿಯಲ್ಲಿ ಮೂವರೂ ಮೆಲ್ಬರ್ನ್‌ಗೆ ಕಾರಿನಲ್ಲಿ ಹೋದೆವು. ಅವಳ ಬಾಡಿಗೆ ರೂಮಿನಲ್ಲಿ ಕಪಾಟು ಜೋಡಿಸಿದೆ, ಬಲ್ಬು ಹಾಕಿದೆ, ಸರಿಯಿದ್ದ ನಲ್ಲಿಯನ್ನೂ ಬಿಚ್ಚಿ ರಿಪೇರಿ ಮಾಡಿದೆ. ಮಾರನೆಯ ಬೆಳಿಗ್ಗೆ ಮಾಡುವುದಕ್ಕೆ ಏನೂ ಉಳಿಯಲಿಲ್ಲ. “ಡ್ಯಾಡ್, ಯೂ ಕ್ಯಾನ್ ಗೋ ನೌ,” ಎಂದಳು ಅನನ್ಯಾ, ಮೆತ್ತಗೆ. ಸುಮಾ ಆಗಲೇ ಕಾರಿನಲ್ಲಿ ಕುಳಿತು ಸೀಟ್‌ಬೆಲ್ಟ್ ಹಾಕಿಕೊಂಡಿದ್ದಳು. ನಾನು ಗೇಟು ಹಿಡಿದುಕೊಂಡು, ಮಂಡಿ ಯಾಕೋ ಹಿಡಿದುಕೊಂಡಿದೆ, ಇವತ್ತು ಡ್ರೈವ್ ಮಾಡುವುದು ಕಷ್ಟ, ಇನ್ನೆರಡು ದಿನ ಇದ್ದೇ ಹೋಗೋಣವೇನೋ ಎಂದೆ.

ಸುಮಾ ಬೆಲ್ಟು ಬಿಚ್ಚಿ, ಇಳಿದು, ಸುತ್ತಿ ಬಂದು ಡ್ರೈವರ್ ಸೀಟಿನಲ್ಲಿ ಕುಳಿತು ಕೀಗಾಗಿ ಕೈ ಚಾಚಿದಳು. ಕೊಟ್ಟೆ. ಪಕ್ಕದ ಸೀಟಿನವರೆಗೆ ಕುಂಟಿಕೊಂಡೇ ಹೋದೆ. ಮಗಳು ನೋಡುತ್ತಿದ್ದಳಲ್ಲ, ಕಾಲು ಬದಲಾಗದಂತೆ ಎಚ್ಚರ ವಹಿಸಬೇಕಾಯಿತು.